ಕೆಂಚಿ ಯಾವ ಜಾತಿ?

ದಾವಣಗೆರೆಯಲ್ಲಿ ನಾಯಿಗೆ ಬೆಲ್ಟು ಹಾಕಿ ರಸ್ತೆಗಿಳಿದರೆ ಜನ ಮೊದಲು ಕೇಳುವ ಪ್ರಶ್ನೆ ಒಂದೇ: 'ಯಾವ ಜಾತಿ ಸಾರ್ ಇದು?' ನಿಟುವಳ್ಳಿಯ ಹಾಲಿನ ಅಂಗಡಿ ಮುಂದೆ ಕೇಳುತ್ತಾರೆ, ಸೊಪ್ಪಿನ ಗಾಡಿಯವರು ತೂಕ ಮಾಡುತ್ತಲೇ ಕೇಳುತ್ತಾರೆ, ನಾಲೆ ಪಕ್ಕದ ರಸ್ತೆಯಲ್ಲಿ ವಾಕಿಂಗ್ ಬರುವ ಹಿರಿಯರು ನಿಂತು ಕೇಳುತ್ತಾರೆ. ಲ್ಯಾಬ್ರಡಾರ್ ಎಂದರೆ ತಲೆ ಸವರಲು ಬಗ್ಗುತ್ತಾರೆ. ಜರ್ಮನ್ ಶೆಫರ್ಡ್ ಎಂದರೆ ಎರಡು ಹೆಜ್ಜೆ ಹಿಂದೆ ಸರಿದು ಗೌರವದಿಂದ ನೋಡುತ್ತಾರೆ. ನಾನು 'ಯಾವ ಜಾತಿಯೂ ಅಲ್ಲ, ಮಿಕ್ಸು. ಶೆಲ್ಟರ್‌ನಿಂದ ತಂದಿದ್ದು' ಎಂದಾಗ ಮಾತ್ರ ಮಾತು ಅಲ್ಲಿಗೆ ನಿಲ್ಲುತ್ತದೆ. ಸಲುಗೆ ಇದ್ದವರು ಬಿಡುವುದಿಲ್ಲ: 'ಅಷ್ಟ್ ದೂರ ಹೋಗಿ ಬೀದಿ ನಾಯಿ ತಂದ್ರಾ? ನಮ್ಮ ಓಣಿಯಾಗೇ ಬೇಕಾದಷ್ಟು ಇದ್ವಲ್ಲ!'

ಕೆಂಚಿಯನ್ನು ನೋಡಿದವರಿಗೆ ಕುತೂಹಲ ಹುಟ್ಟುವುದು ಸಹಜವೇ. ತಲೆ ಲ್ಯಾಬ್ರಡಾರ್‌ನಂತೆ ಅಗಲ, ಮೂತಿ ಮಾತ್ರ ಕಪ್ಪಗೆ, ನೀಳವಾಗಿ ಇದೆ. ಕಾಲು ಉದ್ದ, ಹೊಟ್ಟೆ ಒಳಸೇರಿದೆ, ಓಡುವಾಗ ಮುಧೋಳದ ನಾಯಿ ನೆನಪಾಗುತ್ತದೆ. ಬಾಲ ನಮ್ಮ ನಾಟಿ ನಾಯಿಗಳದ್ದೇ, ಬೆನ್ನ ಮೇಲೆ ಸುರುಳಿ. ಒಂದು ಕಿವಿ ನೆಟ್ಟಗೆ ನಿಲ್ಲುತ್ತದೆ, ಇನ್ನೊಂದು ಅರ್ಧಕ್ಕೆ ಮಡಚಿಕೊಳ್ಳುತ್ತದೆ. ಮೈಬಣ್ಣ ಮಳೆ ಬಿದ್ದ ಕೆಮ್ಮಣ್ಣಿನದು, ಅದಕ್ಕೇ ಆ ಹೆಸರು. ಅವಳ ಅಪ್ಪ ಯಾವ ಕಾಂಪೌಂಡಿನವನೋ, ಅವ್ವ ಯಾವ ಓಣಿಯವಳೋ ಗೊತ್ತಾಗುವ ದಾರಿ ಇಲ್ಲ. ಗೊತ್ತಾದರೂ ಅದರಿಂದ ಅವಳ ಬಗ್ಗೆ ತಿಳಿಯುವುದು ಸ್ವಲ್ಪವೇ ಎಂದು ಈಗ ನನಗೆ ಖಚಿತವಾಗಿದೆ. ಆ ಮಾತು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಮಗಳು ನಾಯಿ ಬೇಕು ಎಂದು ಹಟ ಹಿಡಿದು ವರ್ಷವಾಗಿತ್ತು. ಊರ ಹೊರಗೆ ಕೆಲವರು ಸೇರಿ ನಡೆಸುವ ಆಶ್ರಯ ತಾಣವೊಂದಿದೆ, ಅಲ್ಲಿಗೆ ಹೋದೆವು. ಬೇವಿನ ಮರಗಳ ನಡುವೆ ತಗಡಿನ ಶೆಡ್ಡು, ಸುತ್ತ ಚೈನ್‌ಲಿಂಕ್ ಬೇಲಿ, ಒಳಗೆ ಹತ್ತಾರು ನಾಯಿ. ಗೇಟು ಸದ್ದಾದದ್ದೇ ತಡ ಎಲ್ಲವೂ ಒಟ್ಟಿಗೆ ಬೊಗಳಿ ಬೇಲಿಗೆ ಬಿದ್ದವು. ಆಕ್ಸಿಡೆಂಟಿನಲ್ಲಿ ಕಾಲು ಕಳೆದುಕೊಂಡದ್ದು, ಕಜ್ಜಿಯಿಂದ ಕೂದಲೆಲ್ಲ ಉದುರಿ ಈಗಷ್ಟೇ ಚಿಗುರುತ್ತಿರುವುದು, ಕಣ್ಣು ಹೋದ ಮುದಿ ನಾಯಿ. ಇವುಗಳ ಜೊತೆಗೇ, ನನಗೆ ಆಶ್ಚರ್ಯವಾಗುವಂತೆ, ಜಾತಿ ನಾಯಿಗಳೂ ಇದ್ದವು. ಮರಿ ಹಾಕಿಸಿ ಹಾಕಿಸಿ ಮೊಲೆ ಜೋತುಬಿದ್ದ ಲ್ಯಾಬ್ರಡಾರ್ ಒಂದು. ಬೇಸಿಗೆಯ ಝಳಕ್ಕೆ ನೆಲದ ಮಣ್ಣು ಕೆರೆದು ಗುಂಡಿ ಮಾಡಿಕೊಂಡು ಹೊಟ್ಟೆ ಊರಿ ಮಲಗಿದ್ದ ಹಸ್ಕಿ ಒಂದು. ಸೈಬೀರಿಯಾದ ಹಿಮದಲ್ಲಿ ಗಾಡಿ ಎಳೆಯಲು ಬೆಳೆಸಿದ ನಾಯಿ ಅದು, ಎರಡು ಪದರದ ತುಪ್ಪಳ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಬಿಸಿಲು 40 ಡಿಗ್ರಿಯ ಹತ್ತಿರ ಹೋಗುತ್ತದೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಪಾದದ ಮೆತ್ತೆಗಳಲ್ಲಿ ಒಂದಿಷ್ಟು ಅಷ್ಟೇ. ಉಳಿದ ಬಿಸಿಯನ್ನೆಲ್ಲ ನಾಲಿಗೆ ಚಾಚಿ ಏದುಸಿರಿನಲ್ಲೇ ಹೊರಹಾಕಬೇಕು. ಆ ಹಸ್ಕಿ ಏದುವುದನ್ನು ಹತ್ತು ನಿಮಿಷ ನೋಡಿದ ಮೇಲೆ ಅಂಥ ನಾಯಿಯನ್ನು ಈ ಊರಿಗೆ ಯಾರಾದರೂ ಯಾಕೆ ತರಿಸುತ್ತಾರೆ ಎಂದು ಸಂಕಟವಾಯಿತು.

ಶೆಲ್ಟರ್ ನೋಡಿಕೊಳ್ಳುವ ಅಕ್ಕ ನಮಗೆ ನಾಯಿ ತೋರಿಸಿದ್ದಕ್ಕಿಂತ ಹೆಚ್ಚು ಹೊತ್ತು ಪ್ರಶ್ನೆ ಕೇಳಿದರು. ಸ್ವಂತ ಮನೆಯೋ ಬಾಡಿಗೆಯೋ? ಹಗಲು ಮನೆಯಲ್ಲಿ ಯಾರಿರುತ್ತಾರೆ? ಗೇಟಿನ ಕೆಳಗೆ ಎಷ್ಟು ಸಂದಿ ಇದೆ? ಹಬ್ಬಕ್ಕೆ ಊರಿಗೆ ಹೋದರೆ ನಾಯಿಯನ್ನು ಯಾರ ಹತ್ತಿರ ಬಿಡುತ್ತೀರಿ? ಮಗಳ ಓದು ಮುಗಿದು ಬೆಂಗಳೂರಿಗೆ ಹೋದರೆ ಆಮೇಲೆ ಯಾರು ನೋಡಿಕೊಳ್ಳುತ್ತೀರಿ? ಕೊನೆಯ ಪ್ರಶ್ನೆಗೆ ನನ್ನ ಹೆಂಡತಿ 'ನಾನು' ಎಂದಳು. ಅಲ್ಲಿಯವರೆಗೆ ಅವಳು ಬರೀ ನಮ್ಮ ಜೊತೆಗೆ ಬಂದವಳು. ಕನ್ಯೆ ನೋಡಲು ಹೋದವರನ್ನೇ ಕೂರಿಸಿ ವಿಚಾರಿಸಿದಂತೆ ಇದೆಯಲ್ಲ ಎಂದು ಕೆಲವರಿಗೆ ಸಿಟ್ಟು ಬರುತ್ತದಂತೆ. ನನಗಂತೂ ಆ ಪ್ರಶ್ನೆಗಳು ಬಹಳ ಇಷ್ಟವಾದವು. ದುಡ್ಡು ಎಣಿಸಿಕೊಂಡು ರಟ್ಟಿನ ಡಬ್ಬಿಯಲ್ಲಿ ಮರಿ ಹಾಕಿಕೊಡುವವರು ಇದರಲ್ಲಿ ಒಂದನ್ನೂ ಕೇಳುವುದಿಲ್ಲ. 2017ರ ನಾಯಿ ಸಾಕಣೆ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತೆಯೇ ಇಲ್ಲ, ಮರಿ ಹಾಕಿಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ರಸ್ತೆ ಬದಿ ಬುಟ್ಟಿಯಲ್ಲಿ ಕಣ್ಣು ಬಿಟ್ಟು ವಾರವೆರಡಾಗದ ಮರಿಗಳನ್ನು ನೋಡಿದಾಗಲೆಲ್ಲ ಈ ನಿಯಮ ನೆನಪಾಗುತ್ತದೆ.

ಕೆಂಚಿಯನ್ನು ಯಾರೂ ಒಯ್ಯದೇ ಇದ್ದದ್ದಕ್ಕೆ ಅಕ್ಕ ಕಾರಣ ಹೇಳಿದರು. 'ಜಾತಿ ಅಲ್ಲ, ಹೆಣ್ಣು, ಮೂರು ವರ್ಷ ಆಗೇತಿ. ಬಂದೋರೆಲ್ಲ ಗಂಡು ಮರಿ ಕೇಳ್ತಾರೆ ಅಣ್ಣಾ.'

ಹೆಣ್ಣು ನಾಯಿ ಬೇಡ ಎನ್ನುವುದು ನಮ್ಮ ಕಡೆ ತುಂಬಾ ಹಳೆಯ ಮಾತು. ಗೋಣಿಚೀಲದಲ್ಲಿ ಕಟ್ಟಿ ಊರಾಚೆ ಬಿಟ್ಟು ಬರುವ ಮರಿಗಳಲ್ಲಿ ಹೆಣ್ಣೇ ಹೆಚ್ಚು. ಬೆದೆಗೆ ಬಂದರೆ ಓಣಿಯ ಗಂಡು ನಾಯಿಗಳೆಲ್ಲ ಗೇಟಿಗೆ ಬರುತ್ತವೆ, ವರ್ಷಕ್ಕೆರಡು ಸಲ ಮರಿ, ಅವನ್ನು ಯಾರಿಗೆ ಕೊಡುವುದು ಎಂಬ ಚಿಂತೆ. ಆ ಚಿಂತೆ ಸುಳ್ಳಲ್ಲ, ಆದರೆ ಒಂದು ಆಪರೇಷನ್ನಿಗೆ ಮುಗಿಯುವಂಥದ್ದು. ಕೆಂಚಿಗೆ ಆಗಲೇ ಆಪರೇಷನ್ ಆಗಿತ್ತು, ಒಂದು ಕಿವಿಯ ತುದಿಯನ್ನು ಗುರುತಿಗೆಂದು ಸ್ವಲ್ಪ ಕತ್ತರಿಸಿದ್ದಾರೆ. ಬೀದಿಯಲ್ಲಿ ಹಾಗೆ ಕಿವಿ ಕತ್ತರಿಸಿದ ನಾಯಿ ಕಂಡರೆ ಯಾರೋ ಹಿಂಸೆ ಕೊಟ್ಟಿದ್ದಾರೆ ಎಂದುಕೊಳ್ಳುವವರಿದ್ದಾರೆ. ಸಂತಾನಹರಣ ಆಗಿದೆ, ರೇಬಿಸ್ ಲಸಿಕೆ ಹಾಕಿದ್ದಾರೆ, ಮತ್ತೆ ಹಿಡಿದು ಕೊಯ್ಯುವುದು ಬೇಡ ಎಂಬುದರ ಗುರುತು ಅದು.

ಇನ್ನು ವಯಸ್ಸು. ನನ್ನ ಪ್ರಕಾರ ಮರಿಗಿಂತ ಬೆಳೆದ ನಾಯಿಯೇ ನಮ್ಮಂಥ ಮನೆಗಳಿಗೆ ಒಳ್ಳೆಯದು. ಗಂಡ ಹೆಂಡತಿ ಕೆಲಸಕ್ಕೆ ಹೋಗುವ, ವಯಸ್ಸಾದವರೊಬ್ಬರು ಮನೆಯಲ್ಲಿರುವ ಸಂಸಾರದಲ್ಲಿ ಮರಿಯ ಹಿಂದೆ ಓಡುವವರು ಯಾರು? ಅದಕ್ಕೆ ಆರು ವಾರದಿಂದ ಶುರುವಾಗಿ ಸಾಲಾಗಿ ಲಸಿಕೆ ಆಗಬೇಕು. ಅದು ಮುಗಿಯುವ ಮೊದಲೇ ಪಾರ್ವೊ ಎಂಬ ವೈರಸ್ ತಗುಲಿದರೆ ವಾಂತಿ, ರಕ್ತಭೇದಿಯಾಗಿ ಎರಡು ಮೂರು ದಿನದಲ್ಲಿ ಕೈಬಿಟ್ಟು ಹೋಗುವ ಮರಿಗಳು ಎಷ್ಟೋ. ಎಲ್ಲಕ್ಕಿಂತ ಮುಖ್ಯವಾಗಿ, ಮರಿ ದೊಡ್ಡದಾಗಿ ಯಾವ ಸ್ವಭಾವದ ನಾಯಿ ಆಗುತ್ತದೆಂದು ಯಾರೂ ಹೇಳಲಾರರು. ಜಾತಿ ನೋಡಿ ಸ್ವಭಾವ ಹೇಳಬಹುದು ಎಂಬ ನಂಬಿಕೆಯೂ ಅಷ್ಟು ಗಟ್ಟಿಯಲ್ಲ. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅಮೆರಿಕದ ವಿಜ್ಞಾನಿಗಳ ಅಧ್ಯಯನವೊಂದು ಬಂತು. 18 ಸಾವಿರಕ್ಕೂ ಹೆಚ್ಚು ನಾಯಿಗಳ ನಡವಳಿಕೆಯನ್ನು ಸಾಕಿದವರಿಂದ ಕೇಳಿ ಬರೆದುಕೊಂಡು, 2 ಸಾವಿರಕ್ಕೂ ಹೆಚ್ಚು ನಾಯಿಗಳ ಡಿಎನ್‌ಎ ಪರೀಕ್ಷಿಸಿದ್ದರು. ಅವುಗಳಲ್ಲಿ ಮಿಶ್ರತಳಿ ನಾಯಿಗಳೂ ಬಹಳ ಇದ್ದವು. ಒಂದು ನಾಯಿಗೂ ಇನ್ನೊಂದಕ್ಕೂ ನಡವಳಿಕೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಲು ಆಗುವುದು ಶೇ. 9ರಷ್ಟು ಮಾತ್ರ ಎಂದು ಅವರಿಗೆ ಕಂಡಿತು. ಕೆಂಚಿಯ ವಿಷಯದಲ್ಲಿ ನಾವು ಅಂದಾಜು ಮಾಡುವುದೇ ಬೇಕಿರಲಿಲ್ಲ. ಮಕ್ಕಳ ಹತ್ತಿರ ಹೇಗಿರುತ್ತಾಳೆ, ಬೆಕ್ಕು ಕಂಡರೆ ಏನು ಮಾಡುತ್ತಾಳೆ, ತಿನ್ನುವಾಗ ತಟ್ಟೆ ಮುಟ್ಟಿದರೆ ಗುರ್ ಎನ್ನುತ್ತಾಳೆಯೇ, ಎಲ್ಲವನ್ನೂ ಅಕ್ಕ ಕಣ್ಣಾರೆ ಕಂಡಿದ್ದರು. 'ಬೆಕ್ಕಿಗೆ ಬಿಡಾಕಿಲ್ಲ, ಮಕ್ಕಳಿಗೆ ಬಂಗಾರ, ಕಸಬರಿಗೆ ಕಂಡ್ರೆ ಜೀವ ಹೋಗ್ತೈತಿ' ಎಂದರು. ಮೂರೂ ಅಕ್ಷರಶಃ ನಿಜ.

ಕಸಬರಿಗೆಯ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು.

ಮನೆಗೆ ಬಂದ ಮೊದಲ ದಿನಗಳಲ್ಲಿ ಕೆಂಚಿ ಹಾಲ್‌ನ ಮೂಲೆಯಲ್ಲಿ, ಗೋಡೆಗೆ ಬೆನ್ನು ಕೊಟ್ಟೇ ಮಲಗುತ್ತಿದ್ದಳು. ರೊಟ್ಟಿ ಚೂರು ಕೊಟ್ಟರೆ ಅಲ್ಲೇ ತಿನ್ನದೆ ಕಚ್ಚಿಕೊಂಡು ಮಂಚದ ಕೆಳಗೆ ಹೋಗಿ ತಿನ್ನುತ್ತಿದ್ದಳು. ರಾತ್ರಿ ಫ್ರಿಜ್ಜು ಗುರುಗುಟ್ಟಿದರೂ ಎದ್ದು ಕೂರುತ್ತಿದ್ದಳು. ಅವೆಲ್ಲ ತಾನಾಗಿಯೇ ಕಡಿಮೆಯಾದವು. ಆದರೆ ಬೆಳಿಗ್ಗೆ ಅವ್ವ ಕಸ ಗುಡಿಸಲು ಕಸಬರಿಗೆ ಎತ್ತಿದರೆ ಸಾಕು, ಅವಳ ಬಾಲ ಹೊಟ್ಟೆಯ ಕೆಳಗೆ ಸೇರುತ್ತಿತ್ತು, ಹಿಂಗಾಲು ನಡುಗಿ ನಿಂತಲ್ಲೇ ಉಚ್ಚೆ ಹೊಯ್ದುಬಿಡುತ್ತಿದ್ದಳು. ಯಾರು ಎಲ್ಲಿ ಎಷ್ಟು ಹೊಡೆದಿದ್ದರೋ. ಅವ್ವನಿಗೆ ನಾಯಿ ಮನೆಯೊಳಗೆ ಬರುವುದೇ ಒಪ್ಪಿಗೆ ಇರಲಿಲ್ಲ, ಆದರೂ ಮೊದಲ ಸಲ ಅದನ್ನು ಕಂಡಾಗ ಕಸಬರಿಗೆ ಹಿಂದಕ್ಕೆ ಮುಚ್ಚಿಟ್ಟುಕೊಂಡು ನಿಂತಿದ್ದರು. 'ನಾ ಹೊಡಿಯಾಕಿಲ್ಲವ್ವ, ನಾ ಹೊಡಿಯಾಕಿಲ್ಲ' ಎಂದು ಮತ್ತೆ ಮತ್ತೆ ಹೇಳಿದರು.

ಪಶುವೈದ್ಯರು ದಾರಿ ತೋರಿಸಿದರು. ಭಯವಾಗುವ ವಸ್ತುವನ್ನು ದೂರದಲ್ಲಿ, ಅಲುಗಾಡದಂತೆ ಇಡಿ. ಅವಳಿಗೆ ಇಷ್ಟವಾದ ತಿಂಡಿ ಅದರ ಆಸುಪಾಸಿನಲ್ಲೇ ಸಿಗಲಿ. ಹತ್ತಿರ ಬರುವುದು ಬಿಡುವುದು ಅವಳಿಷ್ಟ, ನೀವು ಎಳೆಯಬೇಡಿ. ಇಷ್ಟವಾದ ತಿಂಡಿಗೆ ನಾವು ದೂರ ಹೋಗಬೇಕಾಗಲಿಲ್ಲ. ದಾವಣಗೆರೆಯಲ್ಲಿ ಹುಟ್ಟಿದ ಮೇಲೆ ಮಂಡಕ್ಕಿ ಒಲ್ಲೆ ಎನ್ನುವ ಜೀವ ಇದೆಯೇ? ಒಗ್ಗರಣೆ ಇಲ್ಲದ ಬರೀ ಮಂಡಕ್ಕಿ. ಹಗುರ, ಅಗ್ಗ, ಒಂದು ಹಿಡಿ ತಿಂದರೂ ಹೊಟ್ಟೆ ಭಾರವಾಗುವುದಿಲ್ಲ. ಹಾಲ್‌ನ ಆ ತುದಿಯಲ್ಲಿ ಕಸಬರಿಗೆ ಮಲಗಿಸಿ, ಈ ತುದಿಯಿಂದ ನಾಲ್ಕು ನಾಲ್ಕು ಕಾಳು ಉದುರಿಸುತ್ತಾ ಹೋದೆವು. ಮೊದಮೊದಲು ಅರ್ಧ ದಾರಿಗೇ ನಿಲ್ಲುತ್ತಿದ್ದಳು. ಕತ್ತು ಚಾಚಿ, ಮುಂಗಾಲು ಎತ್ತಿ, ಇಡಲೋ ಬೇಡವೋ ಎಂದು ಗಾಳಿಯಲ್ಲೇ ಹಿಡಿದು, ಕಣ್ಣು ಕಸಬರಿಗೆಯ ಮೇಲೇ ನೆಟ್ಟು ಹಿಂದೆ ಸರಿಯುತ್ತಿದ್ದಳು. ಇದು ಒಂದು ಮಳೆಗಾಲವಿಡೀ ನಡೆಯಿತು. ಒಂದು ದಿನ ಕಸಬರಿಗೆಯ ಕಡ್ಡಿಗಳ ನಡುವೆ ಸಿಕ್ಕಿಕೊಂಡಿದ್ದ ಒಂದೇ ಒಂದು ಮಂಡಕ್ಕಿಯನ್ನು ನಾಲಿಗೆ ತುದಿಯಿಂದ ಎತ್ತಿಕೊಂಡಳು. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಸೆರಗಿನಿಂದ ಕಣ್ಣೊರೆಸಿಕೊಂಡರು. ಈಗಲೂ ಕಸಬರಿಗೆ ಮೇಲೆತ್ತಿದರೆ ಎದ್ದು ಹೊರಗೆ ಹೋಗುತ್ತಾಳೆ. ಆದರೆ ನಡೆದುಕೊಂಡು ಹೋಗುತ್ತಾಳೆ, ಬಾಲ ಮೇಲೇ ಇರುತ್ತದೆ.

ಊಟದ್ದು ಬೇರೆಯದೇ ಪಂಚಾಯ್ತಿ. ನಮ್ಮದು ಮೊಟ್ಟೆ ಒಳಗೆ ಬಾರದ ಅಡುಗೆಮನೆ. ಬರೀ ಅನ್ನ ಮೊಸರಿನಲ್ಲಿ ನಾಯಿಗೆ ಸಾಕಷ್ಟು ಪೌಷ್ಟಿಕಾಂಶ ಸಿಗುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಹಿತ್ತಲಲ್ಲಿ ಒಂದು ಸಣ್ಣ ಸ್ಟೌ ಬಂತು, ಬೇರೆ ಪಾತ್ರೆ ಬಂತು, ಮೊಟ್ಟೆ ಬೇಯಿಸುವುದು ನನ್ನ ಪಾಲಿಗೆ ಬಂತು. ನಮ್ಮ ಸಾರು, ಪಲ್ಯ ಯಾವುದೂ ಅವಳಿಗಿಲ್ಲ, ಏಕೆಂದರೆ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ ಮೂತ್ರಪಿಂಡಕ್ಕೆ ಕೆಟ್ಟದ್ದು, ಚಾಕೊಲೇಟು ವಿಷವೇ. ಉಳಿದ ಸಾಂಬಾರು ಅನ್ನ ಕಲಸಿ ಹಾಕುವ ನಮ್ಮ ರೂಢಿ ಪ್ರೀತಿಯಿಂದಲೇ ಬಂದದ್ದು, ಆದರೂ ಮನೆಯಲ್ಲಿ ಸಾಕಿದ ಮೇಲೆ ಇಷ್ಟು ತಿಳಿದಿರಬೇಕು.

ಬಂದ ವರ್ಷವೇ ಅವಳಿಗೆ ಉಣ್ಣೆ ಜ್ವರ ಬಂತು. ಎರಡು ಹೊತ್ತು ಊಟ ಬಿಟ್ಟಳು, ಕರೆದರೆ ಬಾಲ ಮಾತ್ರ ಅಲ್ಲಾಡಿಸಿದಳು, ಏಳಲಿಲ್ಲ. ತುಟಿ ಎತ್ತಿ ನೋಡಿದರೆ ಒಸಡು ಬಿಳಿಚಿತ್ತು. ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ತೀರಾ ಇಳಿದಿತ್ತು. ಉಣ್ಣೆ ಕಚ್ಚಿದಾಗ ರಕ್ತಕ್ಕೆ ಸೇರುವ ಎರ್ಲಿಕಿಯಾ ಎಂಬ ಸೂಕ್ಷ್ಮಾಣು ಮಾಡುವ ಕೆಲಸ ಇದು, ಬೇಗ ಗೊತ್ತಾದರೆ ಡಾಕ್ಸಿಸೈಕ್ಲಿನ್ ಮಾತ್ರೆಗೆ ಬಗ್ಗುತ್ತದೆ. ಮೂರ್ನಾಲ್ಕು ವಾರ ಮಾತ್ರೆ ನಿಲ್ಲಿಸುವಂತಿಲ್ಲ. ನಾಲ್ಕನೇ ದಿನಕ್ಕೇ ಲವಲವಿಕೆ ಬಂತೆಂದು ನಿಲ್ಲಿಸಿದರೆ ಒಳಗೇ ಉಳಿದು ಮತ್ತೆ ಕಾಡುತ್ತದೆ. ಆವತ್ತಿನಿಂದ ಸಂಜೆ ಮಗಳ ಹೋಂವರ್ಕ್ ಮುಗಿದ ಮೇಲೆ ಕೆಂಚಿಯ ಮೈ ತಡಕುವುದು ಮನೆಯ ನಿತ್ಯದ ಕೆಲಸ. ಕಿವಿಯ ಒಳಮಡಿಕೆ, ಬೆರಳುಗಳ ಸಂದಿ, ಬೆಲ್ಟಿನ ಕೆಳಗೆ, ಬಾಲದ ಬುಡ. ಉಣ್ಣೆ ಸಿಕ್ಕರೆ ಚಿಮಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು ನೇರವಾಗಿ ಎಳೆಯಬೇಕು, ಕೈಯಲ್ಲಿ ಹಿಸುಕಬಾರದು. ಮಗಳು ಇದರಲ್ಲಿ ನನಗಿಂತ ಪಳಗಿದ್ದಾಳೆ. ಕೆಂಚಿ ನಾಲ್ಕೂ ಕಾಲು ಚಾಚಿ ಮಲಗಿ ಅವಳಿಗೆ ಮೈ ಒಪ್ಪಿಸಿಬಿಡುತ್ತಾಳೆ.

ಪಕ್ಕದ ಮನೆಯವರ ಆತಂಕ ರೇಬಿಸ್ಸಿನದು. ಚಿಕ್ಕ ಮಕ್ಕಳಿರುವ ಮನೆ, ಅವರು ಹೆದರುವುದರಲ್ಲಿ ಅರ್ಥವಿದೆ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಲಸಿಕೆಯ ಕಾರ್ಡು ಒಯ್ದು ಅವರ ಮುಂದೆ ಇಟ್ಟೆ. ಪ್ರತಿ ವರ್ಷ ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಆಸುಪಾಸಿನಲ್ಲಿ ಪಶು ಆಸ್ಪತ್ರೆಗಳಲ್ಲಿ ಸಾಕುನಾಯಿಗಳಿಗೆ ಉಚಿತ ಲಸಿಕೆ ಹಾಕುತ್ತಾರೆ, ರೇಬಿಸ್ ಲಸಿಕೆ ಕಂಡುಹಿಡಿದ ಲೂಯಿ ಪಾಶ್ಚರ್ ತೀರಿಕೊಂಡ ದಿನ ಅದು. ಇನ್ನೊಂದು ಮಾತೂ ಅವರಿಗೆ ಹೇಳಿದೆ, ಇಲ್ಲೂ ಹೇಳುತ್ತೇನೆ. ಯಾವುದೇ ನಾಯಿ ಕಚ್ಚಲಿ, ಪರಚಲಿ, ಅರಿಶಿನ, ಸುಣ್ಣ, ಖಾರ ಏನೂ ಮೆತ್ತದೆ ನಲ್ಲಿ ನೀರಿನ ಕೆಳಗೆ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಆ ಮನೆಯ ಪುಟ್ಟ ಹುಡುಗ ಈಗ ಕಾಂಪೌಂಡಿನ ಆಚೆಯಿಂದಲೇ 'ಕೆಂಚೀ' ಎಂದು ಕೂಗಿ ಬಿಸ್ಕತ್ತು ತೋರಿಸುತ್ತಾನೆ.

ಅವ್ವ ಕೆಂಚಿಯನ್ನು ಪೂರ್ತಿ ಒಪ್ಪಿಕೊಂಡದ್ದು ಅವರದೇ ದಾರಿಯಲ್ಲಿ. ನಮ್ಮ ಮನೆದೇವರು ಮೈಲಾರಲಿಂಗ. ಮೈಲಾರನ ಗೊರವರು ದೋಣಿ ಎಂಬ ಪಾತ್ರೆಯಲ್ಲಿ ಪ್ರಸಾದ ಹಾಕಿಸಿಕೊಂಡು ನಾಯಿಗಳಂತೆ ಬೊಗಳುತ್ತಾ, ಒಬ್ಬರ ಮೇಲೊಬ್ಬರು ಬೀಳುತ್ತಾ ಉಣ್ಣುವ ದೋಣಿ ಸೇವೆಯನ್ನು ಅವ್ವ ಚಿಕ್ಕಂದಿನಿಂದ ಕಂಡವರು. ತಾವು ದೇವರ ನಾಯಿಗಳು ಎಂಬುದು ಆ ಭಕ್ತರ ಹೆಮ್ಮೆ. ಒಂದು ಭಾನುವಾರ ಪೂಜೆ ಮುಗಿಸಿ ಬಂದ ಅವ್ವ ನಮಗೆಲ್ಲ ಭಂಡಾರದ ಅರಿಶಿನ ಹಚ್ಚಿ, ಬಾಗಿಲಲ್ಲಿ ಕೂತಿದ್ದ ಕೆಂಚಿಯ ಹಣೆಗೂ ಒಂದು ಚಿಟಿಕೆ ಹಚ್ಚಿದರು. 'ಮೈಲಾರಪ್ಪನ ನಾಯಿ ಇದು. ಇನ್ನ ಮ್ಯಾಲೆ ಯಾರೂ ಬೈಬ್ಯಾಡ್ರಿ' ಎಂದರು. ಮೊದಲು ಬಯ್ಯುತ್ತಿದ್ದದ್ದು ಅವರೊಬ್ಬರೇ.

ನಮ್ಮ ನಾಡಿನಲ್ಲಿ ಒಂದು ನಾಯಿಗಾಗಿ ಕಲ್ಲು ಕೆತ್ತಿಸಿದ್ದಾರೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ, ಕ್ರಿ.ಶ. 949–50ರದ್ದು, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಚೋಳರ ವಿರುದ್ಧದ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ತನ್ನ ಬಂಟ ಮಣಲೆರನಿಗೆ ಗಂಗರ ದೊರೆ ಬೂತುಗ ಮೆಚ್ಚಿ ಏನು ಬೇಕೋ ಕೇಳು ಎಂದಾಗ, ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಎರಡೂ ಕಾದಾಡಿ ಸತ್ತವು. ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನೆಡಿಸಿ, ಭೂಮಿ ಬಿಟ್ಟು, ಆ ಕಲ್ಲಿಗೆ ಪೂಜೆ ಮಾಡುವ ಹೊಣೆಯನ್ನು ಅಲ್ಲಿನ ಗೊರವನಿಗೆ ಒಪ್ಪಿಸಿದರು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಎದುರುಬದುರಾಗಿ ಸೆಣಸುವ ಚಿತ್ರವಿದೆ. ಮಗಳಿಗೆ ಅದರ ಫೋಟೊ ತೋರಿಸಿದೆ. 'ಕಾಳಿ ಕೆಂಚಿ ಥರಾನೇ ಇದಾಳೆ' ಎಂದಳು. ನನಗೂ ಹಾಗೇ ಕಂಡಿತು.

ಈಗ ಇದನ್ನೆಲ್ಲ ಬರೆಯಲು ಇನ್ನೊಂದು ಕಾರಣವಿದೆ. ಬೀದಿ ನಾಯಿಗಳ ವಿಷಯದಲ್ಲಿ ಸುಪ್ರೀಂ ಕೋರ್ಟು 2025ರ ಆಗಸ್ಟ್ 22ರಂದು ಕೊಟ್ಟ ಆದೇಶದಲ್ಲಿ, ಪ್ರಾಣಿಪ್ರಿಯರು ಸ್ಥಳೀಯ ಸಂಸ್ಥೆಗೆ ಅರ್ಜಿ ಕೊಟ್ಟು ಬೀದಿ ನಾಯಿಗಳನ್ನು ದತ್ತು ಪಡೆಯಬಹುದು, ಪಡೆದ ಮೇಲೆ ಅವು ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವ ಜವಾಬ್ದಾರಿ ಅವರದೇ ಎಂದಿತು. ನವೆಂಬರ್ 7ರಂದು, ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಂಥ ಜಾಗಗಳಿಂದ ಹಿಡಿದ ನಾಯಿಗಳನ್ನು ಅಲ್ಲಿಗೇ ಮರಳಿ ಬಿಡದೆ ಆಶ್ರಯ ತಾಣಗಳಿಗೆ ಸೇರಿಸಬೇಕೆಂದು ಹೇಳಿತು. ಅಂದರೆ ಎಲ್ಲ ಊರುಗಳ ಶೆಲ್ಟರುಗಳೂ ಇನ್ನಷ್ಟು ತುಂಬುತ್ತವೆ. ಒಂದು ನಾಯಿ ಒಂದು ಮನೆ ಸೇರಿದರೆ ಅಲ್ಲಿ ಒಂದು ಜಾಗ ತೆರವಾಗುತ್ತದೆ, ಗಾಯಗೊಂಡು ರಸ್ತೆಯಲ್ಲಿ ಬಿದ್ದ ಇನ್ನೊಂದಕ್ಕೆ ಅದು ಸಿಗುತ್ತದೆ. ಲೆಕ್ಕ ಇಷ್ಟು ನೇರವಾಗಿದೆ.

ಕಳೆದ ವಾರ ಹಳೆಯ ಬೆಡ್‌ಶೀಟು, ಗೋಣಿಚೀಲ ಕೊಡಲು ಶೆಲ್ಟರಿಗೆ ಹೋಗಿದ್ದೆ. ಕಪ್ಪು ಗಂಡು ನಾಯಿಯೊಂದಿದೆ, ಐದು ವರ್ಷ ಇರಬಹುದು, ಮುಂದಿನ ಎಡಗಾಲು ಮೊಣಕಾಲಿನಿಂದ ಕೆಳಗೆ ಇಲ್ಲ. ಮೂರು ಕಾಲಲ್ಲೇ ಚೆನ್ನಾಗಿ ಓಡುತ್ತಾನೆ. ಹೆಲ್ಮೆಟ್ ಹಾಕಿದವರನ್ನು ಕಂಡರೆ ಬೊಗಳುತ್ತಾನೆ, ತೆಗೆದರೆ ಸುಮ್ಮನಾಗುತ್ತಾನೆ. ಮೆಟ್ಟಿಲು ಹತ್ತುವುದು ಕಷ್ಟ, ಹಾಗಾಗಿ ನೆಲಮಹಡಿಯ ಮನೆಯೇ ಆಗಬೇಕು. ಬೆಕ್ಕಿದ್ದರೂ ಅಡ್ಡಿಯಿಲ್ಲವಂತೆ, ಅಕ್ಕ ನೋಡಿ ಹೇಳಿದ್ದಾರೆ. ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆ ಯಾರಾದರೂ ಮನಸ್ಸು ಮಾಡುವವರಿದ್ದರೆ ನನಗೆ ತಿಳಿಸಿ. ಭಾನುವಾರ ಬೆಳಿಗ್ಗೆ ನಾನೇ ಜೊತೆಗೆ ಬರುತ್ತೇನೆ, ಅಕ್ಕನ ಪ್ರಶ್ನೆಗಳಿಗೆ ಸಮಾಧಾನದಿಂದ ಉತ್ತರ ಕೊಡಲು ತಯಾರಾಗಿ ಬನ್ನಿ.